ಆಟಕ್ಕೊಬ್ಬ ಬದಲಿ ಆಳು

ಆಡುವುದಕ್ಕೆ ಬೇಸರವಾದವನು ಆಟವನ್ನು ಬಿಟ್ಟೇಳಬೇಕೇ ಹೊರತು, ತನ್ನ ಜಾಗದಲ್ಲಿ ಯಂತ್ರವೊಂದನ್ನು ಕೂರಿಸಿ ಗೆಲುವನ್ನು ಮಾತ್ರ ತನ್ನ ಹೆಸರಿಗೆ ಬರೆಸಿಕೊಳ್ಳಬಾರದು. ಇಷ್ಟು ಸರಳವಾದ ಮಾತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ಪುಟಗಳ ಆಕ್ಷೇಪ ಬರೆದು ಕಳುಹಿಸಿದ್ದಾನೆ. "ಮೇಷ್ಟ್ರೇ, ದುಡ್ಡು ನನ್ನದು, ಕಂಪ್ಯೂಟರ್ ನನ್ನದು, ಇದರಿಂದ ಯಾರ ಗಂಟೇನು ಹೋಯಿತು?" ಎಂಬುದು ಅವನ ಪತ್ರದ ಸಾರ. ಹುಡುಗ ಬುದ್ಧಿವಂತ, ಆದ್ದರಿಂದಲೇ ಎಲ್ಲರೆದುರಿಗೆ ಉತ್ತರಿಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಅವನ ತರಗತಿಯವರು ಊಹಿಸಿಕೊಂಡರೆ ನಾನು ಹೊಣೆಯಲ್ಲ.

ನನ್ನ ವಯಸ್ಸಿನ ಬಂಧುಗಳಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಲ್ಪಿತ ಜಗತ್ತಿನಲ್ಲಿ ಸಂಚರಿಸುವ ಆಟಗಳು ಅಂತರಜಾಲದಲ್ಲಿವೆ. ಅಮೆರಿಕದ ಬ್ಲಿಜರ್ಡ್ ಕಂಪನಿ 2004ರಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಅವುಗಳಲ್ಲಿ ಪ್ರಸಿದ್ಧವಾದುದು. ಪ್ರತಿಯೊಬ್ಬನೂ ಯೋಧನನ್ನೋ ಮಾಂತ್ರಿಕನನ್ನೋ ತನ್ನ ಪಾತ್ರವಾಗಿ ಆರಿಸಿಕೊಂಡು, ಮೃಗಗಳನ್ನು ಕೊಂದು, ಅದಿರನ್ನು ಅಗೆದು, ಗಿಡಮೂಲಿಕೆ ಕಿತ್ತು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಆಟಗಾರ ಮಲಗಿ ನಿದ್ರಿಸುತ್ತಿರುವಾಗ ಈ ಕೆಲಸವನ್ನೆಲ್ಲ ತಾನೇ ಮಾಡುವ ತಂತ್ರಾಂಶಕ್ಕೆ ಬಾಟ್ ಎಂದು ಹೆಸರು.

ಇವುಗಳಲ್ಲಿ ಕುಖ್ಯಾತವಾದ 'ಗ್ಲೈಡರ್' ಅನ್ನು ಮೈಕೇಲ್ ಡಾನೆಲಿ ಎಂಬ ಪ್ರೋಗ್ರಾಮರ್ 2005ರಲ್ಲಿ ಸಿದ್ಧಪಡಿಸಿದ. ಮೊದಲು ತನ್ನ ಬಳಕೆಗೆ, ಆಮೇಲೆ ಮಾರಾಟಕ್ಕೆ. 15ರಿಂದ 25 ಡಾಲರ್ ಬೆಲೆಯ ಈ ಸರಕಿನ ಸುಮಾರು 1,20,000 ಪರವಾನಗಿಗಳು 2008ರ ಸೆಪ್ಟೆಂಬರ್ ವೇಳೆಗೆ ಮಾರಾಟವಾಗಿ 35 ಲಕ್ಷ ಡಾಲರ್ ವರಮಾನ ತಂದಿದ್ದವು. ಕಂಪನಿಯು 'ವಾರ್ಡನ್' ಎಂಬ ಕಾವಲು ತಂತ್ರಾಂಶವನ್ನು ಇಟ್ಟಿತು. ಅದರ ಕಣ್ಣು ತಪ್ಪಿಸುವಂತೆ ಡಾನೆಲಿ ತನ್ನ ಸರಕನ್ನು ತಿದ್ದಿದ. "ಯಾರ ಗಂಟೇನು ಹೋಯಿತು" ಎನ್ನುವವನು, ನ್ಯಾಯಾಲಯದ ಮುಂದೆ ಕಂಪನಿ ಇಟ್ಟ ಲೆಕ್ಕವನ್ನು ನೋಡಲಿ: 2004ರ ಡಿಸೆಂಬರಿನಿಂದ 2008ರ ಮಾರ್ಚ್‌ವರೆಗೆ ಬಾಟ್‌ಗಳ ಮೇಲೆ ಬಂದ ದೂರುಗಳು 4,65,000. ದೂರಿದವರು ಕಂಪನಿಯ ಷೇರುದಾರರಲ್ಲ, ಪಕ್ಕದಲ್ಲಿ ಆಡುತ್ತಿದ್ದವರು.

ಅವರ ಗೋಳೇನು? ಆ ಜಗತ್ತಿನಲ್ಲಿ ಅಗೆದ ಅದಿರು ಮತ್ತೆ ಹುಟ್ಟಲು ಹೊತ್ತು ಬೇಕು. ಊಟ, ನಿದ್ರೆ, ಬೇಸರ ಯಾವುದೂ ಇಲ್ಲದ ಯಂತ್ರವು ಅದನ್ನು ಹುಟ್ಟಿದ ಕೂಡಲೇ ಬಾಚಿಕೊಂಡರೆ, ಕಚೇರಿಯಿಂದ ಬಂದು ಒಂದು ಗಂಟೆ ಆಡುವವನಿಗೆ ಸಿಗುವುದು ಬರಿಯ ಬಂಡೆ. ಯಂತ್ರಗಳು ರಾಶಿ ಹಾಕಿದ ಅದಿರಿನಿಂದ ಸಂತೆಯಲ್ಲಿ ಅದರ ಬೆಲೆ ಕುಸಿಯುತ್ತದೆ. ಅವು ಹಗಲಿರುಳೂ ಮೃಗಗಳನ್ನು ಕೊಂದು ತರುವ ಚಿನ್ನದಿಂದ ಅಪರೂಪದ ಆಯುಧಗಳ ಬೆಲೆ ಏರುತ್ತದೆ. ಹೊಸಬನು ಮಾರುವುದು ಅಗ್ಗ, ಕೊಳ್ಳುವುದು ತುಟ್ಟಿ. ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದಲಿ ಆಳಿನ ಆಟ ಹೊಸದೇನೂ ಅಲ್ಲ. ಸಭಾಪರ್ವದಲ್ಲಿ ಪಣದ ಸಂಪತ್ತು ದುರ್ಯೋಧನನದು, ದಾಳ ಉರುಳಿಸುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯನು ಆಗಲೇ ಆಕ್ಷೇಪಿಸಿದ್ದಾನೆ. ಆದರೂ ಆಡಲು ಕುಳಿತ, ಅದು ಬೇರೆ ಕಥೆ. ದುರ್ಯೋಧನನಿಗಾದರೂ ರಾಜ್ಯ ಬೇಕಾಗಿತ್ತು. ಪಕ್ಕದವನ ಲೆಕ್ಕವನ್ನು ನಕಲು ಮಾಡುವ ಹುಡುಗನಿಗೂ ಅಂಕವೆಂಬ ಆಸೆಯಿರುತ್ತದೆ. ಅವನನ್ನು ಗದರಿಸುವಾಗಲೂ ನನಗೆ ಅವನು ಅರ್ಥವಾಗುತ್ತಿದ್ದ. ಆದರೆ ಸುಖಕ್ಕೆಂದೇ ಆಡುವ ಆಟದಲ್ಲಿ ಆಡುವುದನ್ನೇ ಪರರಿಗೆ ಒಪ್ಪಿಸಿದವನು ಉಳಿಸಿಕೊಂಡದ್ದೇನು? 2002ರಲ್ಲಿ 'ಪ್ರೋಗ್ರೆಸ್ ಕ್ವೆಸ್ಟ್' ಎಂಬ ಅಣಕದ ಆಟವೊಂದು ಬಂದಿತ್ತು. ಅದರಲ್ಲಿ ಪಾತ್ರಕ್ಕೆ ಹೆಸರಿಟ್ಟು ಕೈಕಟ್ಟಿ ಕುಳಿತರಾಯಿತು. ಮಿಕ್ಕದ್ದೆಲ್ಲ ತಾನಾಗಿ ನಡೆಯುತ್ತದೆ. ನಗಿಸಲು ಮಾಡಿದ್ದನ್ನೇ ಜನ ಮುಂದೆ ದುಡ್ಡು ಕೊಟ್ಟು ಕೊಂಡರು!

ಕಂಪನಿಗಳನ್ನು ನಾನು ಸಮರ್ಥಿಸುತ್ತೇನೆಂದು ಭಾವಿಸಬೇಡ. ತಿಂಗಳಿಗೆ 15 ಡಾಲರ್ ಚಂದಾ ಪಡೆಯುವವರಿಗೆ ಆಟ ಉದ್ದವಾದಷ್ಟೂ ಲಾಭ. ಒಂದೇ ಬಗೆಯ ಹಂದಿಯನ್ನು ನೂರು ಸಲ ಕೊಲ್ಲಿಸುವುದರಲ್ಲಿ ಕಲೆಯೇನಿದೆ? ಗ್ಲೈಡರಿನ ವಿರುದ್ಧ ನ್ಯಾಯಾಲಯದಲ್ಲಿ ಸೆಣಸಿದ ಅದೇ ಬ್ಲಿಜರ್ಡ್, 2014ರಲ್ಲಿ 60 ಡಾಲರ್ ತೆತ್ತವರ ಪಾತ್ರವನ್ನು ನೇರವಾಗಿ 90ನೆಯ ಮೆಟ್ಟಿಲಿಗೆ ಏರಿಸುವ ವ್ಯಾಪಾರವನ್ನು ತಾನೇ ತೆರೆಯಿತು. ಅಂಗಡಿಯವನ ತೂಕ ಮೋಸವೆಂದು ಗೊತ್ತಾದರೆ ಆ ಅಂಗಡಿಗೆ ಹೋಗುವುದನ್ನು ಬಿಡಬೇಕು. ಅಲ್ಲಿಗೆ ಬಂದ ಇತರ ಗಿರಾಕಿಗಳ ಚೀಲಕ್ಕೆ ಕೈಹಾಕುವುದೇ?

"ಬಡದೇಶಗಳವರು ಆಟದ ಚಿನ್ನ ಮಾರಿ ಬದುಕುತ್ತಾರೆ, ಅವರನ್ನೂ ಬೈಯುವಿರಾ?" ಎಂದು ಪತ್ರದ ಕೊನೆಗೆ ಕೇಳಿದ್ದೀಯೆ. 2017ರ ಸುಮಾರಿಗೆ ವೆನಿಜುವೆಲಾದಲ್ಲಿ ಹಣಕ್ಕೆ ಬೆಲೆಯಿಲ್ಲದಂತಾದಾಗ, ಅಲ್ಲಿನವರು 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಆಟದಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಬಂದ ಚಿನ್ನವನ್ನು ಮಾರಿ ಅನ್ನ ಸಂಪಾದಿಸಿದ್ದುಂಟು. ಅದೂ ನಿಯಮಬಾಹಿರವೇ. ಆದರೂ ಗಂಟೆಗಟ್ಟಲೆ ಕುಳಿತು ಕೈನೋಯಿಸಿಕೊಂಡವನನ್ನು ನಿನ್ನ ಸಾಲಿನಲ್ಲಿ ನಿಲ್ಲಿಸಲಾರೆ. ಒಂದು ಕೋಣೆಯಲ್ಲಿ ಐವತ್ತು ಬಾಟ್‌ಗಳನ್ನು ಓಡಿಸುವ ಧಣಿಯು ಚಿನ್ನದ ದರವನ್ನು ಇಳಿಸುವುದು ಮೊದಲು ಅವನ ತಟ್ಟೆಯಿಂದಲೇ. ಅವನ ಹೆಸರನ್ನು ನಿನ್ನ ಸಮರ್ಥನೆಗೆ ಎಳೆದು ತಂದದ್ದು ನನಗೆ ಸರಿ ಕಾಣಲಿಲ್ಲ.

ಗ್ಲೈಡರಿನ ಮಾರಾಟ 2009ರ ಮಾರ್ಚ್‌ನಲ್ಲಿ ನಿಂತಿತು. ಬಾಟ್ ಬಳಸಬಾರದೆಂಬ ಕರಾರನ್ನು ಮುರಿದಮಾತ್ರಕ್ಕೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು, ಆದರೆ ವಾರ್ಡನ್ ಎಂಬ ಕಾವಲನ್ನು ದಾಟಿಸುವ ಸಾಧನವನ್ನು ಮಾರಿದ್ದು ತಪ್ಪು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ಹೇಳಿತು. ಚರ್ಚೆಯೆಲ್ಲ ಕರಾರು ಮತ್ತು ಬೀಗದ ಸುತ್ತ. ಬರಿಗೈಯಲ್ಲಿ ಮರಳಿದ ಸಹ ಆಟಗಾರನು ಅಲ್ಲಿ ಕಕ್ಷಿದಾರನೇ ಆಗಿರಲಿಲ್ಲ. ವಕೀಲರಾಗಿರುವ ನನ್ನ ಶಿಷ್ಯರು ಈ ತೀರ್ಪನ್ನು ಇನ್ನಷ್ಟು ಬಿಡಿಸಿ ಬರೆದರೆ ಸಂತೋಷ. ನಾಲ್ಕು ಪುಟ ಬರೆದವನೂ ಉತ್ತರ ಬರೆಯಲಿ, ಈ ಸಲ ಎರಡು ಪುಟ ಸಾಕು.