ಆಫ್ರಿಕದ ಬಯಲು, ಉಮದಿಯ ಮಡ್ಡಿ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನಗೆ ‘ಗಡಿನಾಡಿನಲ್ಲಿ ಕನ್ನಡ ಶಿಕ್ಷಣ’ ಎಂಬ ವಿಷಯವನ್ನು ಒಪ್ಪಿಸಿದ್ದರು. ಆ ವಿಷಯದ ಮೇಲೆ ನನಗಿಂತ ಬಲ್ಲವರು ಬರೆಯುತ್ತಿರುವುದರಿಂದ ನಾನು ಅದನ್ನು ಬೇರೊಂದು ದಾರಿಯಿಂದ, ಅಂದರೆ ಆಫ್ರಿಕದ ದಾರಿಯಿಂದ, ಮುಟ್ಟಬಯಸುತ್ತೇನೆ. ಓದುಗರು ಸಹಿಸಿಕೊಳ್ಳಬೇಕು.

ನೈರೋಬಿಯಲ್ಲಿ ಉದ್ಯೋಗದಲ್ಲಿರುವ ಅಳಿಯಂದಿರ ಆಗ್ರಹದಿಂದ 2024ರ ಸಪ್ಟೆಂಬರಿನಲ್ಲಿ ನಾನು ಕೀನ್ಯಾ ದೇಶದ ಮಸಾಯಿ ಮಾರಾ ಅಭಯಾರಣ್ಯವನ್ನು ಮೂರು ದಿನ ನೋಡಿ ಬಂದೆ. ಸುಮಾರು 1,510 ಚದರ ಕಿಲೋಮೀಟರಿನ ಆ ಪ್ರದೇಶಕ್ಕೆ ದಕ್ಷಿಣದಲ್ಲಿ ಟಾಂಜಾನಿಯಾದ ಸೆರೆಂಗೆಟಿ ಹೊಂದಿಕೊಂಡಿದೆ. ಹತ್ತು ಲಕ್ಷಕ್ಕೂ ಮಿಕ್ಕಿದ ವಿಲ್ಡಬೀಸ್ಟ್ ಎಂಬ, ದನದ ಮೋರೆಯ ಮೃಗಗಳು ಹುಲ್ಲನ್ನರಸಿ ವರ್ಷವರ್ಷವೂ ಈ ಎರಡು ದೇಶಗಳ ನಡುವೆ ಸುತ್ತುತ್ತವೆ. ಗಡಿರೇಖೆ ಅವುಗಳಿಗಿಲ್ಲ. ಗಡಿಯ ಊರಿನವನಾದ ನನಗೆ ಇದು ವಿಶೇಷವಾಗಿ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಸಿಂಹವನ್ನು ಕಂಡೆ, ಆನೆಯ ಹಿಂಡನ್ನು ಕಂಡೆ, ಜಿರಾಫೆಯನ್ನು ಕಂಡೆ. ಅವುಗಳ ವರ್ಣನೆಗೆ ಇಲ್ಲಿ ಸ್ಥಳವಿಲ್ಲ. ದೂರದರ್ಶನದಲ್ಲಿ ಎಲ್ಲರೂ ನೋಡಿರುವಂಥದೇ. ನಾನು ಬೆರಗಾದದ್ದು ನಮ್ಮ ಮಾರ್ಗದರ್ಶಿಯನ್ನು ಕಂಡು. ಅವನು ಮಸಾಯಿ ಕುಲದ ಮೂವತ್ತರ ತರುಣ. ಬಾಲ್ಯದಲ್ಲಿ ತಂದೆಯ ದನ ಕಾಯ್ದವನು. ಒಣಗಿದ ಸಗಣಿಯನ್ನು ನೋಡಿ ಯಾವ ಮೃಗ ಎಷ್ಟು ಹೊತ್ತಿನ ಹಿಂದೆ ಹಾದು ಹೋಯಿತೆಂದು ಹೇಳುತ್ತಿದ್ದ. ಹಕ್ಕಿಯೊಂದು ಕೂಗಿದರೆ ಆ ಕೂಗು ಭಯದ್ದೋ ಬೇಟದ್ದೋ ಎಂದು ವಿವರಿಸುತ್ತಿದ್ದ. ಆ ದೇಶದಲ್ಲಿ ಮಾರ್ಗದರ್ಶಿಗಳ ಸಂಘವೊಂದು 1996ರಿಂದ ಪರೀಕ್ಷೆಗಳನ್ನು ನಡೆಸುತ್ತದೆ. ಕಂಚು, ಬೆಳ್ಳಿ, ಚಿನ್ನವೆಂದು ಮೂರು ದರ್ಜೆಗಳು. ನಮ್ಮವನು ಬೆಳ್ಳಿಯ ಬಿಲ್ಲೆಯನ್ನು ಎದೆಯ ಮೇಲೆ ಧರಿಸಿದ್ದ. ದನಗಾಹಿಯ ಅರಿವಿಗೆ ಅಲ್ಲಿ ದರ್ಜೆಯುಂಟು, ಸಂಬಳವುಂಟು, ಗೌರವವುಂಟು. ಜುಲೈಯಿಂದ ಡಿಸೆಂಬರಿನವರೆಗೆ ಪರದೇಶದವರಿಗೆ ಅಲ್ಲಿನ ಪ್ರವೇಶಶುಲ್ಕ ದಿನಕ್ಕೆ 200 ಡಾಲರು. ಅಷ್ಟು ತೆತ್ತು ಬಂದವರೆಲ್ಲ ಆ ದನಗಾಹಿಯ ಮಾತನ್ನು ಬಾಯಿ ತೆರೆದು ಕೇಳುತ್ತಿದ್ದರು.

‘ಸಫಾರಿ’ ಎಂದರೆ ಅವರ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣವೆಂದೇ ಅರ್ಥ. ಅರಬ್ಬಿಯ ಮೂಲದ ಈ ಶಬ್ದವನ್ನು ವಿಜಾಪುರ ಸೀಮೆಯವರು ‘ಸಫರ್’ ಎಂದು ಬಲ್ಲರು. ಬಿಳಿಯರ ಕಾಲದಲ್ಲಿ ಅದಕ್ಕೆ ಬೇಟೆಯ ಅರ್ಥ ಅಂಟಿಕೊಂಡಿತ್ತು. 1977ರಲ್ಲಿ ಕೀನ್ಯಾ ಸರಕಾರ ಬೇಟೆಯನ್ನು ನಿಷೇಧಿಸಿದ ಮೇಲೆ ಕೋವಿಯ ಸ್ಥಾನವನ್ನು ಕ್ಯಾಮರಾ ಪೂರ್ತಿಯಾಗಿ ಆಕ್ರಮಿಸಿತು.

ಎರಡನೆಯ ದಿನ ಹುಲ್ಲಿನ ದಿನ್ನೆಯ ಮೇಲೆ ಒಂದು ಚೀತಾ ಕುಳಿತಿತ್ತು. ಮಾರ್ಗದರ್ಶಿ ‘ದುಮಾ’ ಎಂದ, ಬಳಿಕ ನನ್ನತ್ತ ತಿರುಗಿ, “ಅಜ್ಜನವರೇ, ನಿಮ್ಮ ನುಡಿಯಲ್ಲಿ ಇದಕ್ಕೇನೆನ್ನುವಿರಿ?” ಎಂದು ಕೇಳಿದ. ನಾನು “ಸಿವಂಗಿ” ಎಂದೆ. (ಕೆಲವೆಡೆ ಇದೇ ಹೆಸರಿನಿಂದ ಕಿರುಬನನ್ನೂ ಕರೆಯುವರು, ಅದಿರಲಿ.) ಪಕ್ಕದಲ್ಲಿದ್ದ ನನ್ನ ಮೊಮ್ಮಗನಿಗೆ ಆ ಶಬ್ದ ಹೊಸದು. ಅವನಿಗೊಬ್ಬನಿಗೇ ಏಕೆ, ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಕೇಳಿದರೂ ಎಷ್ಟು ಕೈಗಳು ಮೇಲೇಳುವವು? ಭಾರತದಿಂದ ಸಿವಂಗಿ ಅಳಿಯಿತೆಂದು 1952ರಲ್ಲಿ ಸರಕಾರವೇ ಸಾರಿತು. ಪ್ರಾಣಿಯೊಂದು ಹೋದರೆ ಅದರ ಹೆಸರೂ ಹಿಂದೆಯೇ ಹೋಗುತ್ತದೆ. 2022ರ ಸಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಸಿವಂಗಿಗಳು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಂದವು. ಪತ್ರಿಕೆಗಳೆಲ್ಲ ‘ಚೀತಾ’ ಎಂದೇ ಬರೆದವು. ಮೃಗ ಮರಳಿತು, ಹೆಸರು ಮರಳಲಿಲ್ಲ.

ನಮ್ಮ ಸೀಮೆಗೂ ಆಫ್ರಿಕಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಸಂಗತಿಯನ್ನು ತಿಳಿಸುವೆ. ಕೊಲ್ಹಾಪುರ ಸಂಸ್ಥಾನದ ಅರಸರು ಇದೇ ಆಫ್ರಿಕದಿಂದ ಸಿವಂಗಿಗಳನ್ನು ತರಿಸಿ, ಪಳಗಿಸಿ, ಚಿಗರಿಯ ಬೇಟೆಗೆ ಬಿಡುತ್ತಿದ್ದರು. ಅಲ್ಲಿಯ ಮೃಗ ಇಲ್ಲಿಯ ಬಯಲಿನಲ್ಲಿ ಓಡಿ ಬೇಟೆಯಾಡಿತು, ಏಕೆಂದರೆ ಎರಡೂ ಒಂದೇ ಬಗೆಯ ನೆಲ: ಕಡಿಮೆ ಮಳೆ, ಮುಳ್ಳಿನ ಗಿಡ, ಕಂಟಿ, ಕರಡ, ಕುರಿದನ. ಆ ನೆಲವನ್ನು ಅವರು ಜಗತ್ತಿಗೆ ತೋರಿಸಿ ಜೀವಿಸುತ್ತಾರೆ. ನಾವು ‘ಪಡ ಜಮೀನು’ ಎಂದು ದಫ್ತರದಲ್ಲಿ ಬರೆದಿಡುತ್ತೇವೆ. ಸರಕಾರದ ಬಂಜರುಭೂಮಿಯ ನಕಾಶೆಗಳಲ್ಲಿಯೂ ಇಂಥ ಕುರುಚಲು ಬಯಲುಗಳಿಗೆ ಅದೇ ಪಟ್ಟ.

ಸೊಲ್ಲಾಪುರದಾಚೆ ನಾನ್ನಜದಲ್ಲಿ ಮಾಳಢೋಕ ಪಕ್ಷಿಗಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯವಿದೆ. ಕನ್ನಡದಲ್ಲಿ ಆ ಪಕ್ಷಿ ಹೆಬ್ಬಕ, ಎರೆಭೂತವೆಂತಲೂ ಹೆಸರುಂಟು. ಮೊದಲು ಅದರ ವಿಸ್ತೀರ್ಣ ಸುಮಾರು 8,496 ಚದರ ಕಿಲೋಮೀಟರು. ಊರು, ಹೊಲ, ರಸ್ತೆಗಳೆಲ್ಲ ಅದರೊಳಗೆ ಸಿಲುಕಿದ್ದರಿಂದ ಜನ ಬೇಸತ್ತರು. ಕೊನೆಗೆ ಅದನ್ನು 1,222ಕ್ಕೆ ಇಳಿಸಲಾಯಿತು. ಮಾರಾದ ಸುತ್ತಲಿನ ಮಸಾಯಿಗಳಾದರೋ 2006ರ ಸುಮಾರಿನಿಂದ ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಮೃಗಗಳಿಗೆ ಬಿಟ್ಟು, ಪ್ರವಾಸದ ಉದ್ಯಮದವರಿಂದ ತಿಂಗಳು ತಿಂಗಳು ಬಾಡಿಗೆ ಪಡೆಯತೊಡಗಿದರು. ಜನರನ್ನು ಕೇಳದೆ ಮಾಡಿದ ರಕ್ಷಣೆಗೂ ಜನರೊಡನೆ ಮಾಡಿದ ರಕ್ಷಣೆಗೂ ಇರುವ ಅಂತರ ಇದರಲ್ಲಿದೆ. ದೇಶದಲ್ಲೆಲ್ಲ ಸೇರಿ ಇಂದು ಹೆಬ್ಬಕಗಳು ನೂರೈವತ್ತು ಕೂಡ ಉಳಿದಿಲ್ಲ.

ಜತ್ತ ತಾಲೂಕಿಗೆ ನೀರು ಬರಬಾರದೆಂದು ನಾನು ಹೇಳುವವನಲ್ಲ. ಬರದ ಬೇಗೆಯಲ್ಲಿ ಬೆಳೆದವನಿಗೆ ದ್ರಾಕ್ಷಿಯ ಹಂದರ ಕಣ್ಣಿಗೆ ಹಬ್ಬವೇ. ಆದರೆ ಕಾಲುವೆ ಏರಲಾರದ, ನೇಗಿಲು ಇಳಿಯಲಾರದ ಮಡ್ಡಿಗಳು ಇನ್ನೂ ಇವೆ. ಅಲ್ಲಿ ತೋಳ, ನರಿ, ಮೊಲ, ಗೌಜಲಕ್ಕಿ, ಬುರ್ಲಿ ಬದುಕಿವೆ. ಇವುಗಳ ಹೆಜ್ಜೆ, ಕೂಗು, ಹೆಸರುಗಳನ್ನು ಬಲ್ಲವರು ನಮ್ಮ ಕುರಿಗಾರ ಮುತ್ಯಾಗಳು. ಅವರ ಬಾಯಲ್ಲಿರುವ ಕನ್ನಡ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಹುಲ್ಲಿನ ಜಾತಿಗಳಿಗೇ ಅವರಲ್ಲಿ ಹತ್ತಾರು ಹೆಸರುಗಳಿವೆ. ನಾವು ವಿದ್ಯಾವಂತರು ಎಲ್ಲಕ್ಕೂ ‘ಹುಲ್ಲು’ ಎಂದು ಮುಗಿಸುತ್ತೇವೆ. ಗಡಿನಾಡಿನ ಕನ್ನಡವನ್ನು ಉಳಿಸುವ ಮಾತನ್ನು ಸಭೆಗಳಲ್ಲಿ ಐವತ್ತು ವರ್ಷ ಕೇಳಿದ್ದೇನೆ, ಆಡಿಯೂ ಇದ್ದೇನೆ. ಆ ಕನ್ನಡದ ಒಂದು ಪಾಲು ಮಡ್ಡಿಯ ಮೇಲೆ ಕಂಬಳಿ ಹೊದ್ದು ಕುಳಿತಿದೆ. ಅದನ್ನು ಶಾಲೆಯೊಳಗೆ ಕರೆತರುವ ಯೋಚನೆ ಸಭೆಗಳಲ್ಲಿ ಬಂದುದಿಲ್ಲ.

ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಯ ಮುಂದೆ ಭವ್ಯ ಕಮಾನು ಕಟ್ಟಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಅಪೇಕ್ಷೆ. ಕಟ್ಟಲಿ, ಸ್ವಲ್ಪ ಚಿಕ್ಕದಾಗಿ ಕಟ್ಟಲಿ. ಉಳಿದುದರ ಬಡ್ಡಿಯಲ್ಲಿ ವರ್ಷಕ್ಕೆ ಎರಡು ಸಲ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಕುರಿಗಾರರೊಡನೆ ಮಡ್ಡಿಯಲ್ಲಿ ದಿನವಿಡೀ ನಡೆಯಲಿ. ಮಾರ್ಗದರ್ಶಿಯಾದ ಮುತ್ಯಾನಿಗೆ ಶಾಲು ಹೊದಿಸಿ ಕೈಮುಗಿದು ಕಳಿಸುವುದು ಬೇಡ. ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆಯನ್ನು ರೊಕ್ಕದಲ್ಲಿ ಕೊಡಬೇಕು. ಮಕ್ಕಳು ಕೇಳಿದ ಹೆಸರುಗಳನ್ನು ಒಂದು ದಪ್ಪ ವಹಿಯಲ್ಲಿ ಬರೆಯಲಿ. ಮರಾಠಿ ಹೆಸರೂ ಅದರ ಪಕ್ಕದಲ್ಲಿರಲಿ, ನೆರೆಯವರ ನುಡಿಯೊಡನೆ ನಮಗೆ ಜಗಳವಿಲ್ಲ. ವರ್ಷಕ್ಕೊಮ್ಮೆ ವಿಹಾರಕ್ಕೆಂದು ನೀರಿನ ಜಾರುಬಂಡೆಯ ಉದ್ಯಾನಕ್ಕೆ ಹೋಗುವ ಬಸ್ಸು ಒಂದು ಸಲ ನಾನ್ನಜದತ್ತ ತಿರುಗಲಿ. ಚಿಗರಿಯ ಹಿಂಡನ್ನಾದರೂ ಮಕ್ಕಳು ಕಾಣುವರು.

ದೀಪಾವಳಿ ಮುಗಿದೊಡನೆ ಕುರಿಗಾರರು ಹಿಂಡುಗಳೊಡನೆ ದೂರದ ಸೀಮೆಗಳಿಗೆ ಹೊರಟುಬಿಡುವರು. ದಸರೆಯ ಹೊತ್ತಿಗೆ ಕರಡ ಹಳದಿಗೆ ತಿರುಗಿರುತ್ತದೆ, ಅವರೂ ಊರಲ್ಲಿಯೇ ಇರುತ್ತಾರೆ. ಆದುದರಿಂದ ಸಮಿತಿಯವರು ಈ ಬಗ್ಗೆ ನಿರ್ಣಯಿಸುವುದಾದರೆ ಗಣೇಶ ಚೌತಿಯೊಳಗೆ ನಿರ್ಣಯಿಸಬೇಕೆಂದು ವಿನಂತಿ.