ಜವಳಗೇರಾಕ್ಕೂ ಬರಲಿ ಖಿನ್ನತೆಯ ಸಂಶೋಧನೆ

ಹಳ್ಳಿಯ ಬಡವರ ಮೇಲೆ ಔಷಧಿ ಪ್ರಯೋಗ ಬೇಡ ಎನ್ನುವವರ ಸಿಟ್ಟಿಗೆ ಕಾರಣವಿದೆ. ರೋಗಿಗಳಿಗೆ ಸರಿಯಾಗಿ ತಿಳಿಸದೆ ಪ್ರಯೋಗ ನಡೆಸಿದರೆಂಬ ದೂರು ಇಂದೋರಿನಿಂದ ಹೊರಟು 2012ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಆಮೇಲೆ ಕಟ್ಟುಪಾಡು ಬಿಗಿಯಾಯಿತು, 2019ರಲ್ಲಿ ಹೊಸ ನಿಯಮಾವಳಿಯೂ ಬಂತು. ಮಾನಸಿಕ ರೋಗಿಯನ್ನು ಸಂಶೋಧನೆಗೆ ಸೇರಿಸುವ ಮೊದಲು ವಿಷಯ ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ. ಇಷ್ಟೆಲ್ಲ ಆದಮೇಲೂ ‘ಪ್ರಯೋಗ’ ಎಂದೊಡನೆ ಹೌಹಾರುವವರನ್ನು ನಾನು ಕೇಳುವುದು ಇಷ್ಟೇ: ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಜವಳಗೇರಾದಂಥ ಊರುಗಳಲ್ಲಿ ಈಗ ನಡೆಯುತ್ತಿರುವುದು ಪ್ರಯೋಗವಲ್ಲದೆ ಮತ್ತೇನು?

‘ನಿದ್ದಿ ಬರಂಗಿಲ್ರಿ, ಊಟ ಸೇರಂಗಿಲ್ಲ, ಜೀವಾನ ಬ್ಯಾಸರಾಗೇದ’ ಎಂದು ಬರುವ ಹೆಣ್ಣುಮಗಳಿಗೆ ಒಬ್ಬರು ಸಲೈನ್ ಹಚ್ಚುತ್ತಾರೆ, ಇನ್ನೊಬ್ಬರು ನಿದ್ದೆ ಗುಳಿಗೆ ಬರೆದುಕೊಡುತ್ತಾರೆ, ಮತ್ತೊಬ್ಬರು ತಾಯಿತ ಕಟ್ಟುತ್ತಾರೆ. ಯಾವುದರಿಂದ ಯಾರಿಗೆ ಗುಣವಾಯಿತು, ಯಾರು ಮತ್ತೆ ಹಾಸಿಗೆ ಹಿಡಿದರು, ಯಾರ ಮನೆಯಲ್ಲಿ ಸಾವಾಯಿತು ಎಂದು ಬರೆದಿಟ್ಟವರಿಲ್ಲ. ಇದು ಒಪ್ಪಿಗೆ ಕೇಳದ, ಲೆಕ್ಕ ಇಡದ ಪ್ರಯೋಗ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಖಿನ್ನತೆ ಇರುವ ನೂರು ಮಂದಿಯಲ್ಲಿ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದಾರೆಂದು ಹೇಳಿತು. ಸಲೈನಿನ ಬಾಟ್ಲಿ ಹಚ್ಚಿಸಿಕೊಂಡು ಬಂದದ್ದು ಚಿಕಿತ್ಸೆಯಾಗುವುದಿಲ್ಲವಲ್ಲ.

ಜಗತ್ತಿನಲ್ಲಿ ಈ ಸಂಶೋಧನೆಗೇನೂ ಬರವಿಲ್ಲ. ಖಿನ್ನತೆಯ 21 ಔಷಧಿಗಳ ಬಗ್ಗೆ ನಡೆದ 522 ಪ್ರಯೋಗಗಳನ್ನು ಒಟ್ಟುಗೂಡಿಸಿ ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು. ಎಲ್ಲ ಔಷಧಿಗಳೂ ಹುಸಿಗುಳಿಗೆಗಿಂತ ಮೇಲು, ಆದರೆ ಬಹಳ ಮೇಲಲ್ಲ. ಆ ಪ್ರಯೋಗಗಳಿಗೆ ಆರಿಸಿಕೊಂಡ ರೋಗಿಗಳು ಎಂಥವರು? ಕುಡಿತ ಇದ್ದವರು ಬೇಡ, ಬೇರೆ ಕಾಯಿಲೆ ಇದ್ದವರು ಬೇಡ, ಸಾಯುವ ಯೋಚನೆ ಬಲವಾಗಿ ಇದ್ದವರಂತೂ ಬೇಡವೇ ಬೇಡ. ಅಮೆರಿಕದಲ್ಲಿ ಸಾಮಾನ್ಯ ರೋಗಿಗಳನ್ನೇ ಸೇರಿಸಿಕೊಂಡು ನಡೆದ ದೊಡ್ಡ ಅಧ್ಯಯನವೊಂದನ್ನು 2009ರಲ್ಲಿ ಜಾಲಿಸಿ ನೋಡಿದಾಗ, ಔಷಧಿ ಪ್ರಯೋಗಗಳ ಮಾಮೂಲಿ ಜರಡಿಯಲ್ಲಿ ಉಳಿಯುತ್ತಿದ್ದವರು ಶೇ 22 ಮಾತ್ರ. ಅಲ್ಲಿನವರೇ ಉಳಿಯದ ಜರಡಿಯಲ್ಲಿ, ಸಾಲ ಮತ್ತು ಸೆರೆ ಎರಡನ್ನೂ ಕಟ್ಟಿಕೊಂಡ ಕಾಲುವೆ ಕೊನೆಭಾಗದ ಗುತ್ತಿಗೆ ರೈತ ಎಲ್ಲಿ ಉಳಿದಾನು?

ಕಂಪನಿಗಳ ಕೈಗೆ ಬಿಟ್ಟರೆ ಏನಾಗುತ್ತದೆಂಬುದೂ ಗೊತ್ತಿದೆ. ಅಮೆರಿಕದ ಔಷಧ ನಿಯಂತ್ರಕರ ಕಡತದಲ್ಲಿದ್ದ 74 ಪ್ರಯೋಗಗಳನ್ನು 2008ರಲ್ಲಿ ಎರಿಕ್ ಟರ್ನರ್ ತಂಡ ಪರಿಶೀಲಿಸಿತು. ಗೆದ್ದ 38ರಲ್ಲಿ 37 ಅಚ್ಚಾಗಿದ್ದವು. ಗೆಲ್ಲದ 36ರಲ್ಲಿ 22 ಬೆಳಕನ್ನೇ ಕಂಡಿರಲಿಲ್ಲ, ಇನ್ನೂ 11 ಗೆದ್ದಂತೆ ಬಣ್ಣ ಬಳಿದುಕೊಂಡಿದ್ದವು. ಸಿಟ್ಟು ಬರಬೇಕಾದದ್ದು ಇದರ ಮೇಲೆ.

ಕರ್ನಾಟಕದ ಕೈ ಖಾಲಿ ಇರಲಿಲ್ಲ. ಸಿನಿಮಾದವರು ದೆವ್ವದಂತೆ ತೋರಿಸುವ ಕರೆಂಟ್ ಚಿಕಿತ್ಸೆಯನ್ನು ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಆರ್.ಎಲ್. ಕಪೂರ್ ಮತ್ತಿತರರು ಇಮಿಪ್ರಮೀನ್ ಮಾತ್ರೆಯ ಎದುರು ಇಟ್ಟು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಯಾರಿಗೆ ನಿಜವಾದ ಕರೆಂಟ್, ಯಾರಿಗೆ ನಿಜವಾದ ಮಾತ್ರೆ ಎಂಬುದು ರೋಗಿಗೂ ತಿಳಿಯದು, ಅಳೆಯುವ ವೈದ್ಯರಿಗೂ ತಿಳಿಯದು. 2000ದಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ವರದಿ 45 ರೋಗಿಗಳನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿತ್ತು. ಕರೆಂಟ್ ಚಿಕಿತ್ಸೆಯಲ್ಲಿ ಶೇ 93, ಇಮಿಪ್ರಮೀನ್‌ನಲ್ಲಿ ಶೇ 73, ಸುದರ್ಶನ ಕ್ರಿಯೆಯಲ್ಲಿ ಶೇ 67 ಮಂದಿ ಸುಧಾರಿಸಿದರು. (ಉಸಿರಾಟದ ಶಿಬಿರ ನಡೆಸುವವರು ಕೊನೆಯ ಅಂಕಿಯನ್ನು ಹೇಳುವಾಗ ಮೊದಲನೆಯದನ್ನೂ ಹೇಳಿದರೆ ಚೆಂದ.) ಪ್ರಾಮಾಣಿಕ ಕೆಲಸ, ಆದರೆ ಚಿಕ್ಕದು, ಬೆಂಗಳೂರಿನ ಆಸ್ಪತ್ರೆಯ ಮಟ್ಟಿಗಿನದು.

ನಮ್ಮ ಪಕ್ಕದ ಬಳ್ಳಾರಿಯ ಕತೆ ಬೇರೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಇಡೀ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆ ಶುರುಮಾಡಿತು. 1996ರಲ್ಲಿ ದೇಶಕ್ಕೇ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತುಂಗಭದ್ರೆಯ ಸೀಮೆಯಲ್ಲಿ ಹುಟ್ಟಿದ ಈ ಯೋಚನೆಯ ಬಗ್ಗೆ ನನಗೆ ಹೆಮ್ಮೆಯಿದೆ. ತಕರಾರೂ ಇದೆ. ಅದು ಸೇವೆ ತಲುಪಿಸುವ ಯೋಜನೆಯಾಗಿತ್ತೇ ಹೊರತು, ಈ ಪದ್ಧತಿಯಲ್ಲಿ ಖಿನ್ನತೆಯವರು ಇನ್ನೊಂದು ಪದ್ಧತಿಗಿಂತ ಹೆಚ್ಚು ಗುಣವಾದರೇ ಎಂದು ತೂಗಿ ನೋಡುವ ಪ್ರಯೋಗವಾಗಿರಲಿಲ್ಲ.

ತೂಗಿ ನೋಡಿದ್ದು ಗೋವಾ. ವಿಕ್ರಂ ಪಟೇಲ್ ತಂಡ ಅಲ್ಲಿನ 24 ಆರೋಗ್ಯ ಕೇಂದ್ರಗಳನ್ನು ಆರಿಸಿಕೊಂಡು, ಅರ್ಧದಷ್ಟರಲ್ಲಿ ವೈದ್ಯರಲ್ಲದ ಸಲಹೆಗಾರರನ್ನು ಇಟ್ಟು 2010ರಲ್ಲಿ ಫಲಿತಾಂಶ ಹೇಳಿತು: ಸರ್ಕಾರಿ ಕೇಂದ್ರಗಳಲ್ಲಿ ಒಳ್ಳೆಯ ಗುಣ ಕಂಡಿತು, ಖಾಸಗಿ ಕ್ಲಿನಿಕ್‌ಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಆಗಲಿಲ್ಲ. ಮುಂದೆ ಅದೇ ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯನ್ನು ಆರಿಸಿಕೊಂಡು, ಅರ್ಧದಷ್ಟು ಜನರಿಗೆ ಆರರಿಂದ ಎಂಟು ಸಲ ಕೂತು ಮಾತಾಡುವ ಚಿಕಿತ್ಸೆ ಕೊಟ್ಟರು. ಮೂರು ತಿಂಗಳಿಗೆ ಅವರಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು, ಉಳಿದರ್ಧದಲ್ಲಿ ಶೇ 39. ‘ಔಷಧಿ ಯಾವುದೆಂದು ಗೊತ್ತೇ ಇದೆ, ತಂದು ಹಂಚಿದರಾಯಿತು, ಮತ್ತೆ ಸಂಶೋಧನೆ ಯಾಕೆ’ ಎನ್ನುವ ಅಧಿಕಾರಿಗಳು ಗೋವಾದ ಮೊದಲ ಫಲಿತಾಂಶವನ್ನು ಓದಲಿ. ಒಂದೇ ರಾಜ್ಯದಲ್ಲಿ, ಒಂದೇ ಚಿಕಿತ್ಸೆ, ಬಾಗಿಲು ಬದಲಾದದ್ದಕ್ಕೆ ಫಲ ಬದಲಾಯಿತು. ಗೋವಾದಿಂದ ರಾಯಚೂರಿಗೆ ಬಂದಾಗ ಏನೂ ಬದಲಾಗುವುದಿಲ್ಲ ಎಂಬ ಭರವಸೆ ಅವರಿಗೆ ಎಲ್ಲಿಂದ ಬಂತು?

ಇಲ್ಲಿಯದೇ ಪ್ರಶ್ನೆಗಳು ಬೇಕಾದಷ್ಟಿವೆ. ಒಮ್ಮೆ ವಿಪರೀತ ಹುರುಪು, ಒಮ್ಮೆ ಪಾತಾಳ ಎಂಬಂತಾಗುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಹಳೆಯ, ನಂಬಿಕೆಯ ಔಷಧಿ. ಬೆವರಿ ಮೈಯ ನೀರು ಕಡಿಮೆಯಾದರೆ ಅದೇ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗುತ್ತದೆ. ಏಪ್ರಿಲ್-ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಹೊಲದ ಕೆಲಸ ಮಾಡುವವನಿಗೆ ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ರಕ್ತ ನೋಡಬೇಕು, ನೋಡುವವರು ಎಲ್ಲಿದ್ದಾರೆ? ಖಿನ್ನತೆಯ ಮಾತ್ರೆ ಫಲ ಕೊಡಲು ವಾರಗಳೇ ಬೇಕು. ಅಷ್ಟರಲ್ಲಿ ಗುಳೆ ಹೊರಟು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಸೇರಿದವಳ ಮುಂದಿನ ಚೀಟಿ ಬರೆಯುವವರು ಯಾರು? ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ಅಗ್ಗ, ಆದರೆ ಅಳತೆ ಮೀರಿದರೆ ಜೀವಕ್ಕೇ ಅಪಾಯ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಅಟ್ಟದ ಮೇಲೇ ಇರುವ ಮನೆಗೆ ಒಂದು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟು ಕಳಿಸುವುದು ಸರಿಯೇ? 14416ಕ್ಕೆ ಫೋನ್ ಮಾಡಿದರೆ ಟೆಲಿಮನಸ್‌ನವರು ಮಾತಾಡುತ್ತಾರೆ, ಒಳ್ಳೆಯದೇ. ಆದರೆ ಈ ಪ್ರಶ್ನೆಗಳು ಫೋನಿನಲ್ಲಿ ಬಗೆಹರಿಯುವಂಥವಲ್ಲ.

ಜವಳಗೇರಾದಲ್ಲೇ ರಾಷ್ಟ್ರೀಯ ಬೀಜ ನಿಗಮದ ಸಾವಿರಾರು ಎಕರೆ ಫಾರ್ಮ್ ಇದೆ. ಹೊಸ ತಳಿಯನ್ನು ಹತ್ತಾರು ಕಡೆಯ ಮಣ್ಣಿನಲ್ಲಿ ಬೆಳೆದು ನೋಡದೆ ಬಿಡುಗಡೆ ಮಾಡಿದರೆ ನಮ್ಮ ರೈತ ಸಂಘದವರು ಸುಮ್ಮನಿರುತ್ತಾರೆಯೇ? ಭತ್ತಕ್ಕೆ ಇರುವ ಈ ಹಕ್ಕು ಬೆಳೆಯುವವನ ತಲೆಗೂ ಬೇಕು.

ದುಡ್ಡಿಲ್ಲ ಎನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡ, ಸಮುದಾಯ ಭವನಗಳಿಗೆ ಸುರಿಯುವ ಹಣದ ಒಂದು ಚೂರು ಸಾಕು. ರಾಯಚೂರಿನ ರಿಮ್ಸ್ ಮುಂದೆ ನಿಲ್ಲಲಿ, ಧಾರವಾಡದ ಡಿಮ್ಹಾನ್ಸ್ ಮತ್ತು ನಿಮ್ಹಾನ್ಸ್ ಬೆನ್ನಿಗಿರಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಲಿ. ಕಂಪನಿಯ ಒಂದು ರೂಪಾಯಿಯೂ ಬೇಡ. ಒಪ್ಪಿಗೆಯನ್ನು ಬೆಂಗಳೂರಿನ ಪುಸ್ತಕದ ಕನ್ನಡದಲ್ಲಲ್ಲ, ಇಲ್ಲಿನ ಮಾತಿನಲ್ಲಿ ಕೇಳಲಿ. ಬೇಡ ಎಂದವರಿಗೂ ಮಾಮೂಲಿ ಚಿಕಿತ್ಸೆ ತಪ್ಪದಿರಲಿ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಪುಕ್ಕಟೆ ಕಟ್ಟದೆ ಪ್ರತ್ಯೇಕ ಗೌರವಧನ ಕೊಡಲಿ. ದೇಶದ ಪ್ರಯೋಗ ನೋಂದಣಿ ಪಟ್ಟಿಯಲ್ಲಿ ಮೊದಲೇ ಹೆಸರು ಬರೆಸಿ, ಗೆದ್ದರೂ ಸೋತರೂ ಫಲಿತಾಂಶವನ್ನು ಆ ಊರುಗಳ ಗ್ರಾಮಸಭೆಯಲ್ಲೇ ಓದಿ ಹೇಳಲಿ. ಮಂಡಳಿಯ ಮುಂದಿನ ಕ್ರಿಯಾಯೋಜನೆಗೆ ಇದನ್ನು ಸೇರಿಸುವಂತೆ ಪತ್ರ ಬರೆಯಲು ಈ ಮೂರು ಕ್ಷೇತ್ರಗಳ ಶಾಸಕರಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.