"ಅಲ್ಲಿ ಆಗಲ್ಲ ಮಾಮ"

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಂಥದೊಂದು ಕಾರ್ಯಕ್ರಮಕ್ಕೆಂದು ಪಿಯು ಕಾಲೇಜೊಂದಕ್ಕೆ ಹೋಗಿದ್ದೆ. ಅತಿಥಿಗಳೊಬ್ಬರು ಮೈಕಿನ ಮುಂದೆ ನಿಂತು, ಸಿಗರೇಟು ಸೇದುವ ಹುಡುಗನಿಗೆ ಇರುವ ಕಾಯಿಲೆ ಒಂದೇ, ಆತ್ಮವಿಶ್ವಾಸದ ಕೊರತೆ, ಅದೊಂದಿದ್ದರೆ ಇವತ್ತೇ ಬಿಡಬಹುದು ಎಂದರು. ಜೋರು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮೂರ್ನಾಲ್ಕು ಹುಡುಗರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆ ಮಾತು ತಲುಪಬೇಕಾಗಿದ್ದದ್ದು ಅವರಿಗೇ.

ಸಿಗರೇಟು ಬಿಡಲು ಆತ್ಮವಿಶ್ವಾಸ ಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಭಾಷಣ ಕೇಳಿ ಬರುವಂಥದ್ದಲ್ಲ. ಬಿಟ್ಟು ನೋಡುತ್ತಾ, ಒಂದೊಂದು ಹೊತ್ತು ಗೆಲ್ಲುತ್ತಾ ಹುಟ್ಟುವಂಥದ್ದು. ಇದನ್ನು ತಿರುವುಮುರುವು ಮಾಡಿ, ಮೊದಲು ಆತ್ಮವಿಶ್ವಾಸ ತಂದುಕೋ, ಆಮೇಲೆ ಬಿಡು ಎಂದರೆ ಹುಡುಗನ ಹೆಗಲಿಗೆ ಇನ್ನೊಂದು ಹೊರೆ ಹೊರಿಸಿದಂತೆ.

ಮೊದಲನೆಯದಾಗಿ, ಸೇದುವ ಹುಡುಗರು ಅಂಜುಬುರುಕರು ಎನ್ನುವುದೇ ಪೂರ್ತಿ ನಿಜವಲ್ಲ. ತರಗತಿಯಲ್ಲಿ ಮೊದಲು ದಮ್ ಹೊಡೆಯುವವನು ಎಷ್ಟೋ ಸಲ ಎಲ್ಲರಿಗಿಂತ ಧೈರ್ಯದ ಹುಡುಗನೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮಕ್ಕಳಲ್ಲಿ ಸ್ವಾಭಿಮಾನ ಬೆಳೆಸಿದರೆ ಚಟಗಳೂ ಅಪರಾಧಗಳೂ ತಾವಾಗಿ ಇಳಿಯುತ್ತವೆಂದು ನಂಬಿ 1986ರಲ್ಲಿ ಅದಕ್ಕೊಂದು ಕಾರ್ಯಪಡೆಯನ್ನೇ ರಚಿಸಿತ್ತು. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿದಾಗ, ತನ್ನ ಬಗ್ಗೆ ತನಗಿರುವ ಹೆಮ್ಮೆ ಮಕ್ಕಳನ್ನು ಸಿಗರೇಟಿನಿಂದ ದೂರ ಇಡುವುದಿಲ್ಲ ಎಂದು ಕಂಡಿತು.

ಹಾಗಾದರೆ ಯಾವುದು ಕೆಲಸಕ್ಕೆ ಬರುತ್ತದೆ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ನಾನು ಸಮರ್ಥ ಎಂಬ ಒಟ್ಟಾರೆ ಭಾವನೆ ಬೇರೆ, ಈ ಕೆಲಸ ಈ ಸಂದರ್ಭದಲ್ಲಿ ನನ್ನ ಕೈಲಾಗುತ್ತದೆ ಎಂಬ ನಂಬಿಕೆ ಬೇರೆ. ಎರಡನೆಯದಕ್ಕೆ ದೊಡ್ಡ ಆಧಾರ ಒಮ್ಮೆಯಾದರೂ ಮಾಡಿ ಗೆದ್ದ ಅನುಭವ. ನಮ್ಮಂಥವನೇ ಒಬ್ಬ ಮಾಡಿದ್ದನ್ನು ಕಣ್ಣಾರೆ ಕಾಣುವುದು ಅದರ ನಂತರದ್ದು. ಬರೀ ಬಾಯಿಮಾತಿನ ಹುರಿದುಂಬಿಸುವಿಕೆಗೆ ಅಷ್ಟು ಕಸುವಿಲ್ಲ. ನಾವು ವೇದಿಕೆ ಕಟ್ಟಿ ವರ್ಷವರ್ಷ ಮಾಡುತ್ತಿರುವುದು ಅದೊಂದನ್ನೇ.

ಬಂಡೂರ ಹೇಳಿದ್ದು ನನಗೆ ಸರಿಯಾಗಿ ಅರ್ಥವಾದದ್ದು ನನ್ನ ಅಕ್ಕನ ಮಗನಿಂದ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಶುರುವಾದ ಸಿಗರೇಟು ಎರಡನೇ ಪಿಯು ಹೊತ್ತಿಗೆ ದಿನಕ್ಕೆ ಮೂರಕ್ಕೆ ಬಂದಿತ್ತು. "ಮನೇಲಿದ್ರೆ ಎರಡು ದಿನ ಬೇಕಾದ್ರೂ ಇರ್ತೀನಿ. ಟ್ಯೂಷನ್ ಬಿಟ್ಟಮೇಲೆ ಎಲ್ಲಾ ಗೂಡಂಗಡಿ ಹತ್ರ ನಿಲ್ತಾರೆ. ಅಲ್ಲಿ ಆಗಲ್ಲ ಮಾಮ" ಅಂದ. ಅವನಲ್ಲಿ ಆತ್ಮವಿಶ್ವಾಸ ಇರಲಿಲ್ಲವೆಂದು ಹೇಗೆ ಹೇಳಲಿ? ಅದು ಕೈಕೊಡುತ್ತಿದ್ದದ್ದು ಒಂದೇ ಒಂದು ಜಾಗದಲ್ಲಿ. ಆ ಅಂಗಡಿಯನ್ನು ನಾನೂ ಹೋಗಿ ನೋಡಿದೆ. ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಕಿಡಿ ಆರುವುದೇ ಇಲ್ಲ. ನಾಲ್ಕು ಹುಡುಗರು, ಎರಡು ಬೈಟು ಟೀ, ಕೈಯಿಂದ ಕೈಗೆ ಸಾಗುವ ಒಂದು ಸಿಗರೇಟು. ಸರದಿ ಬಂದಾಗ ಬೇಡ ಅನ್ನುವುದೆಂದರೆ ಆ ಗುಂಪಿನಿಂದಲೇ ಒಂದು ಹೆಜ್ಜೆ ಆಚೆ ಇಟ್ಟಂತೆ. ಹದಿನೇಳರ ವಯಸ್ಸಿಗೆ ಅದು ಸಣ್ಣ ಸಂಗತಿಯಲ್ಲ.

ಹಾಗಾಗಿ ಅದೊಂದು ಗಳಿಗೆಗೆ ಮಾತ್ರ ತಯಾರಿ ಮಾಡಿದೆವು. ಟೀ ಲೋಟ ಬಲಗೈಯಲ್ಲಿ ಹಿಡಿಯುವುದು, ಲೋಟ ಖಾಲಿಯಾದ ಕೂಡಲೇ ಸೈಕಲ್ ಹತ್ತುವುದು. "ಬೇಡ ಕಣೋ, ಬಿಟ್ಟಿದೀನಿ" ಎಂಬ ಮಾತನ್ನು ಅವನು ನನ್ನೆದುರು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದ. ಮೊದಲೆರಡು ಸಲ ದನಿಯೇ ಏಳಲಿಲ್ಲ. ಅಂಗಡಿಯೆದುರು ಅದನ್ನು ನಿಜಕ್ಕೂ ಹೇಳಿ ಬಂದ ಸಂಜೆ ಅವನು ಬೇರೆಯೇ ಹುಡುಗನಂತೆ ಕಂಡ.

ಮಹಾಂತ ಸ್ವಾಮೀಜಿಯವರ ಜೋಳಿಗೆ ನನಗೆ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಅವರು ಊರೂರು ಸುತ್ತಿ ದುಡ್ಡು ದವಸ ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಆ ಜೋಳಿಗೆಯ ಮುಂದೆ ನಿಂತವನಿಗೆ ಮಾಡಲು ಒಂದು ಕೆಲಸವಿತ್ತು: ಜೇಬಿಗೆ ಕೈಹಾಕಿ, ಇದ್ದದ್ದನ್ನು ತೆಗೆದು, ನಾಲ್ಕು ಜನರೆದುರು ಅದರೊಳಗೆ ಹಾಕುವುದು. ತಪ್ಪು ಮಾಡಿದವನಂತೆ ತಲೆ ತಗ್ಗಿಸಬೇಕಿರಲಿಲ್ಲ, ಕೊಡುವವನಾಗಿ ನಿಲ್ಲಬಹುದಿತ್ತು. ಅವರ ಹೆಸರಿನ ದಿನದಂದು ನಾವು ಹುಡುಗರ ಕೈಗೆ ಅಂಥ ಯಾವ ಕೆಲಸವನ್ನೂ ಕೊಡದೆ ಬರೀ ಉಪದೇಶ ಮಾಡಿ ಕಳಿಸುತ್ತೇವಲ್ಲ, ನನ್ನ ಸಂಕಟ ಅದು.

ನಾನು ಗೌರವಿಸುವ ಆಕ್ಷೇಪವೊಂದಿದೆ. ಇದು ಮನಸ್ಸಿನ ಮಾತಲ್ಲ, ನಿಕೋಟಿನ್ನಿನ ಮಾತು ಎನ್ನುತ್ತಾರೆ ವೈದ್ಯರು. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ದಿನಾ ಸೇದುವ ಹಂತಕ್ಕೆ ಬರುವ ಮೊದಲೇ ಹದಿಹರೆಯದವರಲ್ಲಿ ಚಟದ ಲಕ್ಷಣ ಕಾಣಿಸಿಕೊಳ್ಳಬಹುದೆಂದು ಜೋಸೆಫ್ ಡಿಫ್ರಾಂಝ ತಂಡ 2000ದಲ್ಲಿ ತೋರಿಸಿತು. ಆತ್ಮವಿಶ್ವಾಸದ ಮಾತಾಡುತ್ತಾ ಕೂತರೆ ಮಾರುವವನು ಬಚಾವಾಗುತ್ತಾನೆ ಎಂಬ ಅವರ ಸಿಟ್ಟು ನ್ಯಾಯವಾದದ್ದು. ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದು, 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ ಬಿಡಿ ಸಿಗರೇಟು ಮಾರಾಟವನ್ನೂ ನಿಷೇಧಿಸಿದೆ. ಅದು ಗೂಡಂಗಡಿಯವರೆಗೂ ಬರಲೇಬೇಕು. ಆದರೆ ನಿಕೋಟಿನ್ನಿನ ತಿಳಿವಳಿಕೆ ನನ್ನ ವಾದಕ್ಕೆ ಎದುರಲ್ಲ, ಬೆಂಬಲ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ಚಡಪಡಿಕೆ, ನಿದ್ದೆಗೇಡು ಇವೆಲ್ಲ ಜಾಸ್ತಿ ಇರುತ್ತವೆ, ಕೆಲವು ವಾರಗಳಲ್ಲಿ ಇಳಿಯುತ್ತವೆ ಎಂದು ಮೊದಲೇ ತಿಳಿದ ಹುಡುಗ ಅದನ್ನು ತನ್ನ ದೌರ್ಬಲ್ಯ ಎಂದುಕೊಳ್ಳುವುದಿಲ್ಲ. ತಿಳಿಯದವನು ಮೂರನೇ ದಿನಕ್ಕೇ ಸೋತೆ ಎಂದುಕೊಳ್ಳುತ್ತಾನೆ.

ನಾಲ್ಕು ಬಾರಿಸಿದರೆ ಎಲ್ಲಾ ಬಿಡುತ್ತಾನೆ ಎನ್ನುವವರು ಬಾರಿಸಿದ ಮೇಲೆ ಹುಡುಗ ಎಲ್ಲಿ ನಿಂತು ಸೇದುತ್ತಾನೆಂದು ಹೋಗಿ ನೋಡಲಿ.

ಹನ್ನೆರಡನೇ ದಿನ ನಮ್ಮ ಹುಡುಗ ಒಂದು ಸೇದಿದ. ಮನೆಯಲ್ಲಿ ಗೊತ್ತಾಗಿ ಭಾವ, "ಇವನ ಹಣೆಬರಹ ಇಷ್ಟೇ, ಇವನ ಕೈಲಿ ಆಗಲ್ಲ" ಅಂದುಬಿಟ್ಟರು. ಹುಡುಗನೂ ಅದನ್ನೇ ನಂಬಿದ. ಒಮ್ಮೆ ಎಡವಿದ್ದಕ್ಕಿಂತ, ಎಡವಿದ ಮೇಲೆ ಎಲ್ಲಾ ಮುಗಿಯಿತೆಂದು ಕೈಚೆಲ್ಲುವುದೇ ಮತ್ತೆ ಚಟಕ್ಕೆ ಬೀಳಿಸುತ್ತದೆಂದು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಬರೆದದ್ದು ಅಂದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಅವನನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಹನ್ನೊಂದು ದಿನ, ದಿನಕ್ಕೆ ಮೂರರಂತೆ ಮೂವತ್ತಮೂರು ಸಿಗರೇಟು ಬೇಡ ಅಂದಿದ್ದಾನೆ. ಸೇದಿದ್ದು ಒಂದು. ಆ ಒಂದು ಯಾವಾಗ, ಯಾರ ಜೊತೆ ಅಂತ ಕೇಳಿದೆ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ, ಒಬ್ಬನೇ ಇದ್ದಾಗ. ಅದಕ್ಕೆ ನಾವು ತಯಾರಿಯೇ ಮಾಡಿರಲಿಲ್ಲ. ಅಂಥ ಹೊತ್ತಿಗೆಂದು ತಂಬಾಕು ಬಿಡುವವರ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅವನ ಮೊಬೈಲಿಗೆ ಸೇರಿತು. ಮರುದಿನದಿಂದ ಎಣಿಕೆ ಮತ್ತೆ ಶುರುವಾಯಿತು.

ಮೊನ್ನೆ ಊಟಕ್ಕೆ ಬಂದಿದ್ದಾಗ ಹೇಳಿದ, ಅಂಗಡಿಯ ಹತ್ತಿರ ಗುಂಪಿನವನೊಬ್ಬ ಪಕ್ಕಕ್ಕೆ ಕರೆದು, "ನೀನು ಹೆಂಗೋ ಬಿಟ್ಟೆ?" ಅಂತ ಕೇಳಿದನಂತೆ. ಮೂರನೇ ದಿನದ ವಿಷಯವನ್ನು ಅವನಿಗೆ ಮೊದಲೇ ಹೇಳಿದೆ ಮಾಮ, ಅಂದ.